ಗಾಳಕ್ಕೂ ಮದ್ದಿಗೂ ಒಂದೇ ತಕ್ಕಡಿಯಾ?

ಮೊನ್ನೆ ಚಿಕ್ಕಪ್ಪನ ಮನೆಯವರ ಹರಿಸೇವೆ ಅಂತ ಮುತ್ತತ್ತಿಗೆ ಹೋಗಿದ್ದೆ. ಹಲಗೂರು ದಾಟಿ ಕಾಡೊಳಗೆ ಇಳಿಯುವ ಆ ರಸ್ತೆ, ಹೊಳೆ ಕಂಡ ತಕ್ಷಣ ತಣ್ಣಗಾಗುವ ಗಾಳಿ, ತಟ್ಟೆಗೇ ಕೈ ಹಾಕುವ ಕೋತಿಗಳು... ಏನೂ ಬದಲಾಗಿಲ್ಲ. ಸೀತಮ್ಮನ ಮೂಗುತಿ ಹೊಳೆಗೆ ಬಿದ್ದಾಗ ಹನುಮಪ್ಪ ಬಾಲ ಇಳಿಬಿಟ್ಟು ಮುತ್ತು ಎತ್ತಿಕೊಟ್ಟ, ಅದಕ್ಕೇ ಮುತ್ತೆತ್ತರಾಯ ಅನ್ನುವ ಕತೆಯನ್ನು ಚಿಕ್ಕಮ್ಮ ಈ ಸಲವೂ ಹೇಳಿದರು. (ಅಣ್ಣಾವ್ರಿಗೆ ಮುತ್ತುರಾಜ ಅಂತ ಹೆಸರಿಟ್ಟಿದ್ದು ಈ ದೇವರದ್ದೇ ಅನ್ನೋದನ್ನೂ ಸೇರಿಸಿಯೇ ಮುಗಿಸೋದು!)

ಊಟ ಆದ ಮೇಲೆ ದಡದಲ್ಲಿ ಕೂತಿದ್ದೆವು. ಹದಿನಾಲ್ಕು ಹದಿನೈದರ ಹುಡುಗ ಒಬ್ಬ ಕೋಲಿಗೆ ದಾರ ಕಟ್ಟಿ, ರಾಗಿ ಹಿಟ್ಟಿನ ಉಂಡೆ ಚುಚ್ಚಿ ಗಾಳ ಬಿಟ್ಟಿದ್ದ. ಕಾವಲಿನವರೊಬ್ಬರು ಬಂದು "ಗಾಳ ಹಾಕಂಗಿಲ್ಲ ಕಣೋ ಇಲ್ಲಿ, ಕೇಸ್ ಆಯ್ತದೆ" ಅಂತ ಗದರಿ ಎಬ್ಬಿಸಿದರು. ಅವರ ಕೆಲಸ ಅವರು ಮಾಡಿದರು, ತಪ್ಪೇನಿಲ್ಲ. ಚಿಕ್ಕಪ್ಪ ಮಾತ್ರ ಎಲೆಅಡಿಕೆ ಮಡಚುತ್ತಾ ಅಂದರು: "ಗಾಳ ಹಾಕೋನು ಹಗಲೊತ್ತು ಕಣ್ಗೆ ಬೀಳ್ತಾನೆ ಕಣಪ್ಪ. ರಾತ್ರೆ ಮದ್ದು ಹಾಕೋನು ಎಲ್ಲಿ ಬಿದ್ದಾನು?"

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ನಾನು ಮದ್ದಿನ ಮೀನು ತಿಂದವನು.

ನನಗಾಗ ಒಂಬತ್ತೋ ಹತ್ತೋ ವರ್ಷ. ಇದೇ ಹೊಳೆಯ ದಡದಲ್ಲಿ ಇದ್ದಾಗ ತಿರುವಿನ ಆಚೆಯಿಂದ 'ಧೊಪ್' ಅಂತ ಒಂದು ಸದ್ದು ಬಂತು, ಬಂಡೆಯ ಒಳಗಿಂದ ಬಂದ ಹಾಗೆ. ಸ್ವಲ್ಪ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿ ಬಂದವು. ನಾವು ಹುಡುಗರೆಲ್ಲ ಚಡ್ಡಿ ಒದ್ದೆ ಮಾಡಿಕೊಂಡು ಓಡಿ ಆರಿಸಿಕೊಂಡೆವು. ಬೆರಳಷ್ಟುದ್ದದವೇ ಜಾಸ್ತಿ. ನಡುವೆ ಒಂದು ದೊಡ್ಡದು, ಕೈಯಗಲದ ಹೊಳೆಯುವ ಹುರುಪೆ. "ಬಿಳಿಮೀನು ಬಿಳಿಮೀನು" ಅಂತ ಎಲ್ಲರೂ ಕೂಗಿದರು. ಮನೆಗೆ ತಂದು ಸಾರು ಮಾಡಿದ್ದೂ ನೆನಪಿದೆ, ರುಚಿಯಾಗಿತ್ತು ಅನ್ನೋದೂ ನೆನಪಿದೆ. ಸುಳ್ಳು ಯಾಕೆ ಹೇಳಲಿ.

ಆವತ್ತು ಆಗಿದ್ದೇನು ಅಂತ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಮದ್ದು ಸಿಡಿದಾಗ ನೀರೊಳಗೆ ಏಳುವ ಒತ್ತಡಕ್ಕೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆದುಹೋಗುತ್ತದೆ. ತೇಲಿ ಬರೋದು ಒಂದಷ್ಟು ಮಾತ್ರ, ಮಿಕ್ಕವು ತಳಕ್ಕೆ ಮುಳುಗಿ ಕೊಳೆಯುತ್ತವೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಮೀನೆಲ್ಲ ಮಡುಗಳಲ್ಲಿ ಬಂದು ಸೇರಿಕೊಳ್ಳುತ್ತವೆ. ಆಗ ಒಂದು ಮಡುವಿಗೆ ಒಂದು ಕಡ್ಡಿ ಹಾಕಿದರೂ ತಾಯಿ, ಮರಿ ಎಲ್ಲ ಒಟ್ಟಿಗೆ ಖಾಲಿ. ಈ ಬಿಳಿಮೀನು, ಅಂದರೆ ಮಹಶೀರ್, ಮಳೆಗಾಲದಲ್ಲಿ ಹೊಸ ನೀರಿಗೆ ಎದುರಾಗಿ ಮೇಲಕ್ಕೆ ಹತ್ತಿ ಜಲ್ಲಿಕಲ್ಲಿನ ಜಾಗದಲ್ಲಿ ಮೊಟ್ಟೆ ಇಡುವ ಜಾತಿ. ಅಣೆಕಟ್ಟುಗಳು ಆ ದಾರಿಯನ್ನು ಮೊದಲೇ ಕಡಿದಿವೆ. ಉಳಿದ ಮಡುಗಳಿಗೆ ನಾವು ಮದ್ದು ಹಾಕಿದೆವು.

ಇದಕ್ಕೆ ಕಾನೂನು ಇರಲಿಲ್ಲವೇ? ನೂರಿಪ್ಪತ್ತೈದು ವರ್ಷಕ್ಕೂ ಹಳೆಯದಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಅನ್ನುವ ಗಾಳದ ಹುಚ್ಚಿನ ಸಾಹೇಬ 1870ರ ದಶಕದಲ್ಲೇ ಹೊಳೆಮೀನುಗಳ ನಾಶದ ಬಗ್ಗೆ ಬರೆದಿದ್ದ. 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಅದರ 4ನೇ ಸೆಕ್ಷನ್ ಡೈನಮೈಟಿಗೆ, 5ನೇದು ವಿಷ, ಸುಣ್ಣಕ್ಕೆ. ಶಿಕ್ಷೆ ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಆ ಕಾಲಕ್ಕೆ ದೊಡ್ಡ ದುಡ್ಡೇ, ಈಗ ನಾಲ್ಕು ಜನ ಮಸಾಲೆದೋಸೆ ತಿಂದರೆ ಸಾಲದು! ಆದರೆ ಆ ಕಾಯ್ದೆಯ ಬುದ್ಧಿ ನನಗಿಷ್ಟ. ಮೀನು ಹಿಡಿಯಲೇಬೇಡ ಅಂತ ಅದು ಹೇಳಲಿಲ್ಲ, ಹೇಗೆ ಹಿಡಿಯುತ್ತೀಯ ಅಂತ ಕೇಳಿತು. ಬಲೆಯ ಕಣ್ಣು ಎಷ್ಟಗಲ ಇರಬೇಕು, ಹೊಳೆಗೆ ಅಡ್ಡಗಟ್ಟೆ ಕಟ್ಟಬಹುದಾ ಅನ್ನುವ ನಿಯಮ ಮಾಡುವ ಅಧಿಕಾರವನ್ನೂ ಸರ್ಕಾರಗಳಿಗೆ ಕೊಟ್ಟಿತು.

1987ರಲ್ಲಿ ಮುತ್ತತ್ತಿಯ ಸುತ್ತಲ ಕಾಡು ಕಾವೇರಿ ವನ್ಯಜೀವಿ ಧಾಮವಾಯಿತು. ಅಲ್ಲಿಗೆ 1972ರ ವನ್ಯಜೀವಿ ಕಾಯ್ದೆ ಬಂತು. ಅಭಯಾರಣ್ಯದಲ್ಲಿ ಸಿಡಿಮದ್ದು, ರಾಸಾಯನಿಕ ಬಳಸಬಾರದು ಅಂತ ಅದರ 32ನೇ ಸೆಕ್ಷನ್ ಸ್ಪಷ್ಟವಾಗಿಯೇ ಹೇಳುತ್ತದೆ. ಒಳ್ಳೆಯದೇ. ಆದರೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಆಗ ಗಾಳದ ಕ್ಯಾಂಪುಗಳು ನಡೆಯುತ್ತಿದ್ದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ವಾಪಸ್ ಹೊಳೆಗೇ ಬಿಡೋದು. ಮೊದಲು ಮದ್ದು ಹಾಕುತ್ತಿದ್ದ ಕೆಲವರಿಗೇ ಅಲ್ಲಿ ಕಾವಲು ಕೆಲಸ, ಸಂಬಳ. ಗಾಳವೂ ಬೇಟೆಯೇ ಅನ್ನುವ ಅರ್ಥ ಬಂದು, 2012ರ ಹೊತ್ತಿಗೆ ಅದೆಲ್ಲ ನಿಂತಿತು. ಮೀನು ಬಿಡುವವನೂ ಮಡು ಸಿಡಿಸುವವನೂ ಒಂದೇ ತಕ್ಕಡಿಗೆ ಬಂದರು.

ಗಾಳದವರೇನು ದೇವರಲ್ಲ. ದುಡ್ಡಿದ್ದವರ ಶೋಕಿ ಅದು, ಬಲೆ ಬೀಸಿ ಹೊಟ್ಟೆ ಹೊರೆಯುವ ನಮ್ಮವರನ್ನು ಓಡಿಸಿದ ದಡದಲ್ಲಿ ಅವರಿಗೆ ಕುರ್ಚಿ ಹಾಕಿದ್ದನ್ನು ನಾನು ಮರೆತಿಲ್ಲ. ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಬೇರೆ ಮಹಶೀರ್ ಜಾತಿಯನ್ನು ಕಾವೇರಿಗೆ ತಂದು ಬಿಟ್ಟಾಗ ಖುಷಿಪಟ್ಟವರಲ್ಲಿ ಅವರೂ ಇದ್ದರು. ಅದೇ ನಮ್ಮ ಮೂಲದ ಡುಬ್ಬದ ಮಹಶೀರಿಗೆ ಮುಳುವಾಯಿತು ಅನ್ನುವ ಗುಮಾನಿ ಈಗ ಬಲವಾಗಿದೆ. ಆದರೆ ಆ ಗುಮಾನಿ ಹುಟ್ಟಿದ್ದೂ ಅವರ ಲೆಕ್ಕದ ಪುಸ್ತಕದಿಂದಲೇ! 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಹಿಡಿದ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ಹಾಕಿ ನೋಡಿದಾಗ ಹೊಸ ಮೀನು ಏರುತ್ತಾ, ಡುಬ್ಬದ ಮೀನು ಕಾಣೆಯಾಗುತ್ತಾ ಬಂದದ್ದು ಗೊತ್ತಾಯಿತು. 2018ರಲ್ಲಿ ಅದಕ್ಕೆ 'ಟಾರ್ ರೆಮದೇವಿ' ಅನ್ನುವ ವೈಜ್ಞಾನಿಕ ಹೆಸರು ಗಟ್ಟಿಯಾಯಿತು, ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮೀನು ಹಿಡಿದ ನದಿ ಇದು. ಈಗ ಗಾಳವೂ ಇಲ್ಲ, ಲೆಕ್ಕ ಬರೆಯುವವನೂ ಇಲ್ಲ.

ಅದಕ್ಕೇ ನನ್ನ ವಾದ ಇಷ್ಟು. ನಿಯಮ ಮತ್ತೆ ವಿಧಾನವನ್ನು ನೋಡಲಿ. ಮುಳ್ಳಿಲ್ಲದ ಕೊಕ್ಕೆಯ ಗಾಳಕ್ಕೆ, ಮೊಟ್ಟೆ ಇಡುವ ಕಾಲ ಬಿಟ್ಟು, ಲೆಕ್ಕ ಕೊಡುವ ಷರತ್ತಿನ ಮೇಲೆ ಪರವಾನಗಿ ಕೊಡಲಿ, ಆ ದುಡ್ಡು ದಡದ ಊರಿನ ಕಾವಲುಗಾರರ ಸಂಬಳಕ್ಕೇ ಹೋಗಲಿ. ಹರಿಗೋಲಿನಲ್ಲಿ ಹುಟ್ಟಿ ಬೆಳೆದವನಿಗಿಂತ ಹೊಳೆ ಗೊತ್ತಿರುವ ಗಾರ್ಡು ಎಲ್ಲಿ ಸಿಗುತ್ತಾನೆ? ಇನ್ನು ಮದ್ದು. ಅದು ಕಾಡಲ್ಲಿ ಬೆಳೆಯೋದಲ್ಲವಲ್ಲ. ಜಿಲೆಟಿನ್ ಕಡ್ಡಿ ಬರೋದು ಕಲ್ಲು ಗಣಿಗಾರಿಕೆಯ ದಾರಿಯಲ್ಲಿ. 2021ರಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟವಾಗಿ ಜನ ಸತ್ತಾಗ ರಾಜ್ಯದ ಕಣ್ಣೆಲ್ಲ ಆ ಕಡ್ಡಿಗಳ ಮೇಲೆ ಬಿತ್ತು. ಮೀನು ಸತ್ತರೂ ಅದೇ ರಿಜಿಸ್ಟರ್ ತೆರೆದು, ಈ ಕಡ್ಡಿ ಯಾವ ಕ್ವಾರಿಯದ್ದು ಅಂತ ಕೇಳಬೇಕು. ಕೋಲು ಹಿಡಿದ ಹುಡುಗನನ್ನು ಎಬ್ಬಿಸೋದಕ್ಕಿಂತ ಅದು ಕಷ್ಟದ ಕೆಲಸ, ಗೊತ್ತು.

ಗಾಳಕ್ಕೆ ಅವಕಾಶ ಕೊಟ್ಟರೆ ಅದೇ ನೆಪದಲ್ಲಿ ಬಲೆ, ಮದ್ದು ಎಲ್ಲ ನುಗ್ಗುತ್ತೆ ಅನ್ನುವವರಿದ್ದೀರಿ. ಆ ಭಯ ನನಗೂ ಸ್ವಲ್ಪ ಇದೆ. ಭೀಮೇಶ್ವರಿ ಕಡೆ ಹಿಂದೆ ಗಾಳ ಹಾಕಿದವರು, ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ನಾನು ಎಡವಿದ್ದೆಲ್ಲಿ ಹೇಳಿ. ಹಾಗೇ ನಿಮ್ಮೂರ ಹೊಳೆಯಲ್ಲಿ ಈ ಮೀನಿಗೆ ಏನಂತಾರೆ ಅನ್ನೋದನ್ನೂ. ನಮ್ಮ ಕಡೆ ಬಿಳಿಮೀನು.