ಅಂಗಳದಿಂದ ಅಂತಿಯೋಕ್ಯಕ್ಕೆ

ಪೇತ್ರನ ಪತನ ಮತ್ತು ಪುನರುತ್ಥಾನವನ್ನು ಕುರಿತ ಪ್ರಸಂಗಗಳು ಸಾಮಾನ್ಯವಾಗಿ ತಿಬೇರಿಯ ಸಮುದ್ರದ ದಡದಲ್ಲಿ ಮುಗಿದುಬಿಡುತ್ತವೆ. ಮಹಾಯಾಜಕನ ಅಂಗಳದಲ್ಲಿ ಮೂರು ಸಾರಿ ಗುರುವನ್ನು ಅರಿಯೆನೆಂದವನಿಗೆ ದಡದಲ್ಲಿ ಮೂರು ಸಾರಿ ಪ್ರೀತಿಯ ಪ್ರಶ್ನೆ ಎದುರಾಯಿತು, ಮಂದೆಯ ಹೊಣೆಯೂ ದೊರಕಿತು. ಅಲ್ಲಿಗೆ ಎಲ್ಲವೂ ಸುಖಾಂತ. ಆದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯವನ್ನು ತೆರೆದರೆ ಅದೇ ಪೇತ್ರನು ಮತ್ತೆ ಎಡವುತ್ತಾನೆ.

ಅಂತಿಯೋಕ್ಯದಲ್ಲಿ ಅವನು ಅನ್ಯಜನರಿಂದ ಬಂದ ವಿಶ್ವಾಸಿಗಳೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರ ಮೋರೆ ಕಂಡೊಡನೆ ಪಂಕ್ತಿಯಿಂದ ಹಿಂಜರಿದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಹಿಂಜರಿದರು. ಸಜ್ಜನನಾದ ಬಾರ್ನಬನು ಸಹ ಆ ಸೆಳೆತಕ್ಕೆ ಸಿಕ್ಕಿದನು. ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ಎದುರಿಸಿದನು.

ಈ ಎರಡನೆಯ ಎಡವು ಮೊದಲನೆಯದಕ್ಕಿಂತ ಹೆಚ್ಚು ಕಳವಳಕಾರಿ. ಅಂಗಳದ ರಾತ್ರಿಯಲ್ಲಿ ಪ್ರಾಣಭಯವಾದರೂ ಇತ್ತು. ಅಂತಿಯೋಕ್ಯದಲ್ಲಿ ಕತ್ತಿ ಹಿರಿದವರು ಯಾರೂ ಇರಲಿಲ್ಲ. ಅರಿವಿನ ಕೊರತೆ ಎನ್ನುವಂತೆಯೂ ಇಲ್ಲ. ಯೊಪ್ಪದಲ್ಲಿ ದರ್ಶನ ಕಂಡು, ಕೊರ್ನೇಲ್ಯನ ಮನೆಯ ಹೊಸ್ತಿಲು ದಾಟಿ, ಅದಕ್ಕಾಗಿ ಯೆರೂಸಲೇಮಿನ ಸಹೋದರರಿಗೆ ಉತ್ತರ ಕೊಟ್ಟವನು ಅವನೇ. ಹೀಗಿದ್ದರೂ ಎರಡು ಕಡೆಯಲ್ಲಿಯೂ ಬೇರು ಒಂದೇ: ನಾಲ್ಕು ಜನ ಏನೆನ್ನುವರೋ ಎಂಬ ಅಂಜಿಕೆ. ಒಮ್ಮೆ ದಾಸಿಯೊಬ್ಬಳ ಮಾತು ಅವನನ್ನು ಅಲುಗಿಸಿತು, ಇನ್ನೊಮ್ಮೆ ತನ್ನವರ ನೋಟ.

ಸಭೆಯ ಸೇವೆಯಿಂದ ದೂರವಾದವರಲ್ಲಿ ಅನೇಕರು ನಂಬಿಕೆಯನ್ನು ತೊರೆದವರಲ್ಲ. ಲೆಂಟಿನ ದಿನಗಳಲ್ಲಿ ಕುಡಿತವನ್ನೋ ಕಟುಮಾತನ್ನೋ ಬಿಡುವೆನೆಂದು ಸಂಕಲ್ಪಿಸಿ, ಈಸ್ಟರ್ ಕಳೆದು ತಿಂಗಳಾಗುವುದರೊಳಗೆ ಮತ್ತೆ ಅದರಲ್ಲಿಯೇ ಬಿದ್ದವರು ಅವರು. ಬಳಿಕ ಗಾಯನಮಂಡಳಿಗೆ ಬರುವುದು ನಿಲ್ಲುತ್ತದೆ, ಭಾನುವಾರದ ಶಾಲೆಯ ಪಾಠ ಬೇರೆಯವರ ಪಾಲಾಗುತ್ತದೆ, ಕರ್ತನ ಭೋಜನದ ದಿನ ಹಿಂದಿನ ಬೆಂಚಿನಿಂದಲೇ ಮನೆಗೆ ಹೊರಡುವುದು ವಾಡಿಕೆಯಾಗುತ್ತದೆ. ಯೋಗ್ಯತೆ ಬಂದ ಮೇಲೆ ಸೇವೆ ಎಂಬುದು ಅವರ ಎಣಿಕೆ. ಮೇಲುನೋಟಕ್ಕೆ ಇದು ದೀನತೆ. ಒಳಹೊಕ್ಕು ನೋಡಿದರೆ ಇಲ್ಲಿಯೂ ಅದೇ ಹಳೆಯ ಅಂಜಿಕೆ, ಮುಂದಿನ ಬೆಂಚಿನವರು ಏನೆನ್ನುವರೋ ಎಂಬುದು, ಬೇರೆ ಉಡುಪಿನಲ್ಲಿ ಕುಳಿತಿದೆ. ಆರಾಧನಾಕ್ರಮವನ್ನು ರಚಿಸಿದ ಹಿರಿಯರಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿತ್ತು. ಪಾಪನಿವೇದನೆಯನ್ನು ಅವರು ವರ್ಷಕ್ಕೊಮ್ಮೆ ಇಡಲಿಲ್ಲ. ವಾರವಾರವೂ ಇಟ್ಟರು, ಅದನ್ನು ಸಭಾಪಾಲಕರೂ ಹೇಳಬೇಕೆಂದು ಇಟ್ಟರು.

ಯೋಹಾನನ ಸುವಾರ್ತೆಯಲ್ಲಿ ಇದ್ದಲಿನ ಬೆಂಕಿ ಎರಡು ಕಡೆ ಬರುತ್ತದೆ. ಒಂದು, ಪೇತ್ರನು ಅಲ್ಲಗಳೆಯುತ್ತ ಚಳಿ ಕಾಯಿಸಿಕೊಂಡದ್ದು. ಇನ್ನೊಂದು, ಪುನರುತ್ಥಾನವಾದ ಕ್ರಿಸ್ತನು ದಡದಲ್ಲಿ ಮೀನು ಬೇಯಿಸಿದ್ದು. ಆ ಎರಡನೆಯ ಬೆಂಕಿಯ ಬಳಿ ಇನ್ನು ಮುಂದೆ ಬೀಳುವುದಿಲ್ಲವೆಂದು ಆಣೆಯಿಡು ಎಂದು ಯೇಸು ಕೇಳಲಿಲ್ಲ. ಪ್ರೀತಿಯುಂಟೋ ಎಂದು ಕೇಳಿದನು, ಕೆಲಸ ಕೊಟ್ಟನು. ಆಣೆಯನ್ನು ಕೇಳಿದ್ದರೆ ಪೇತ್ರನು ಇಟ್ಟೇ ಇಡುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ, ಅಂತಿಯೋಕ್ಯದಲ್ಲಿ ಅದು ಮುರಿಯುತ್ತಲೂ ಇತ್ತು.

ಬಿದ್ದವನನ್ನು ಎತ್ತುವುದು ಅವನೊಬ್ಬನ ಪ್ರಯತ್ನದಿಂದ ಆಗುವ ಕೆಲಸವಲ್ಲ. ಮುಖಾಮುಖಿಯಾಗಿ ತಪ್ಪನ್ನು ಹೇಳುವ ಪೌಲನೂ ಬೇಕು, ಜೊತೆಗೆ ಕರೆದೊಯ್ಯುವ ಬಾರ್ನಬನೂ ಬೇಕು. ಪೇತ್ರನು ಆ ಗದರಿಕೆಯನ್ನು ಹಗೆಯಾಗಿ ಉಳಿಸಿಕೊಂಡಂತೆ ಕಾಣುವುದಿಲ್ಲ. ಅವನ ಹೆಸರಿನಲ್ಲಿರುವ ಎರಡನೆಯ ಪತ್ರಿಕೆಯು ಪೌಲನನ್ನು ಪ್ರಿಯ ಸಹೋದರನೆಂದೇ ಕರೆಯುತ್ತದೆ. ಇನ್ನು, ಪಂಫುಲ್ಯದಲ್ಲಿ ಸೇವೆಯನ್ನು ಅರ್ಧಕ್ಕೆ ಬಿಟ್ಟು ಹೋದ ಮಾರ್ಕನನ್ನು ಪೌಲನು ಮತ್ತೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಬಾರ್ನಬನು ಪೌಲನ ಸಂಗಡ ತೀಕ್ಷ್ಣವಾದ ವಾಗ್ವಾದವಾದರೂ ಬಿಡದೆ ಅವನನ್ನು ಕುಪ್ರದ್ವೀಪಕ್ಕೆ ಕರೆದೊಯ್ದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಪೌಲನೇ ಮಾರ್ಕನನ್ನು ಕರೆತರಲು ಹೇಳುತ್ತಾನೆ, ಅವನು ಸೇವೆಗೆ ಉಪಯುಕ್ತನೆಂದು.

ಆದಿಸಭೆಯ ಸಂಪ್ರದಾಯದಂತೆ, ಪೇತ್ರನು ಹೇಳಿದ್ದನ್ನು ಕೇಳಿ ಸುವಾರ್ತೆಯನ್ನು ಬರೆದವನು ಈ ಮಾರ್ಕನೇ. ಅಂಗಳದ ಆ ರಾತ್ರಿ ಪೇತ್ರನು ತನ್ನನ್ನು ಶಪಿಸಿಕೊಂಡು ಆಣೆಯಿಟ್ಟದ್ದು ಅದರ 14ನೆಯ ಅಧ್ಯಾಯದಲ್ಲಿ ಮರೆಮಾಚದೆ ಉಳಿದಿದೆ.