ಕಡಲ ಶಾಖವೂ ಮಳೆಯ ಮುನ್ಸೂಚನೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಅಡಕೆ ಬೆಳೆಗಾರನಿಗೆ ಮೇ ತಿಂಗಳ ಕೊನೆಯೆಂದರೆ ಚಿಂತೆಯ ಕಾಲ. ಮುಂಗಾರು ಬಲಿಯುವ ಮೊದಲೇ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಸುಮಾರು ೪೦-೪೫ ದಿನಗಳ ತರುವಾಯ, ಮಳೆ ತುಸು ಬಿಡುವು ಕೊಟ್ಟಾಗ, ಮತ್ತೊಮ್ಮೆ ಸಿಂಪಡಿಸಬೇಕು. ತಪ್ಪಿದರೆ ಕೊಳೆರೋಗ ತಗಲಿ ವರ್ಷದ ದುಡಿಮೆಯೆಲ್ಲ ಮರದ ಬುಡದಲ್ಲಿ ಉದುರಿ ಬೀಳುತ್ತದೆ. ಮಳೆ ಎಂದು ಬರುವುದು, ಎಷ್ಟು ಬರುವುದು, ಎಂದು ಬಿಡುವುದು ಎಂದು ತಿಳಿಯಲು ಅವನು ಆಕಾಶದತ್ತ ನೋಡುತ್ತಾನೆ. ಉತ್ತರದ ಒಂದು ಪಾಲಾದರೋ ಸಾಗರದೊಳಗೆ ಅಡಗಿದೆ. ಆ ಪಾಲನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಅರಿತಿರಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಉಷ್ಣತೆಗೂ ಶಾಖಕ್ಕೂ ಇರುವ ಭೇದವನ್ನು ನೆನಪಿಗೆ ತಂದುಕೊಳ್ಳೋಣ. ಒಂದು ಚೊಂಬು ಕುದಿನೀರೂ ಒಂದು ಹಂಡೆ ಕುದಿನೀರೂ ಉಷ್ಣತೆಯಲ್ಲಿ ಸಮಾನ. ಒಳಗೆ ಅಡಕವಾಗಿರುವ ಶಾಖದಲ್ಲಿ ಮಾತ್ರ ಅಜಗಜಾಂತರ. ಚೊಂಬಿನ ನೀರು ಬೇಗ ಆರುತ್ತದೆ. ರಾತ್ರಿ ಕಾಯಿಸಿದ ಹಂಡೆಯ ನೀರು ಬೆಳಗಾದರೂ ಬೆಚ್ಚಗಿರುತ್ತದೆ. ವಾಯುಮಂಡಲವೇ ಚೊಂಬು, ಸಾಗರವೇ ಹಂಡೆ. ಇಡೀ ವಾಯುಮಂಡಲವನ್ನು ಒಂದು ಡಿಗ್ರಿಯಷ್ಟು ಕಾಯಿಸಲು ಬೇಕಾಗುವ ಶಾಖವು ಸಾಗರಗಳ ಮೇಲಿನ ಸುಮಾರು ೩ ಮೀಟರ್ ನೀರನ್ನು ಅಷ್ಟೇ ಕಾಯಿಸುವುದರಲ್ಲಿ ಮುಗಿದುಹೋಗುತ್ತದೆ!

ನಮ್ಮ ಕರಾವಳಿಯ ಮುಂದಿನ ಅರಬ್ಬೀ ಸಮುದ್ರದ ಮೇಲ್ಮೈ ಏಪ್ರಿಲ್-ಮೇ ತಿಂಗಳುಗಳಲ್ಲಿ ೩೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ಮುಂಗಾರಿನ ಗಾಳಿ ಬೀಸತೊಡಗಿದೊಡನೆ ಅಡಿಯ ತಣ್ಣೀರು ಮೇಲೆದ್ದು ಬಂದು ಅದನ್ನು ತಂಪುಗೊಳಿಸುತ್ತದೆ. ಆದ್ದರಿಂದ ಮೇಲ್ಮೈಯ ಉಷ್ಣತೆಯೊಂದನ್ನೇ ಅಳೆದರೆ ಸಾಲದು. ಬೆಚ್ಚನೆಯ ಪದರ ಎಷ್ಟು ಆಳವಾಗಿದೆ ಎಂಬುದನ್ನೂ ತಿಳಿಯಬೇಕು. ತೆಳುವಾದ ಪದರವನ್ನು ಗಾಳಿ ಕಲಕಿಬಿಡುತ್ತದೆ. ದಪ್ಪನೆಯದು ತಿಂಗಳುಗಟ್ಟಲೆ ಬಾಳುತ್ತದೆ. ಇದನ್ನು ಅಳೆಯಲೆಂದೇ 'ಆರ್ಗೋ' ಎಂಬ ಸುಮಾರು ೪,೦೦೦ ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಸಂಚರಿಸುತ್ತಿವೆ. ಹತ್ತು ದಿನಗಳಿಗೊಮ್ಮೆ ೨,೦೦೦ ಮೀಟರ್ ಆಳದಿಂದ ಮೇಲೇರಿ ಬಂದು ಅವು ತಮ್ಮ ವರದಿಯನ್ನು ಉಪಗ್ರಹಕ್ಕೆ ಒಪ್ಪಿಸುತ್ತವೆ.

ಸಾಗರಕ್ಕೆ ಹೀಗೆ ಒಂದು ನೆನಪುಂಟು. ಗಾಳಿ ಮೋಡಗಳ ದಿನದಿನದ ಗೊತ್ತುಗುರಿಯಿಲ್ಲದ ಪೆಟ್ಟುಗಳನ್ನು ಸಾಗರವು ಕೂಡಿಸಿಕೊಳ್ಳುತ್ತ ಹೋಗಿ ನಿಧಾನವಾದ ಏರಿಳಿತಗಳಾಗಿ ಮಾರ್ಪಡಿಸುವುದೆಂದು ಜರ್ಮನಿಯ ಕ್ಲಾಸ್ ಹಾಸೆಲ್‌ಮನ್ನರು ೧೯೭೬ರಲ್ಲಿ ಗಣಿತದ ಮೂಲಕ ತೋರಿಸಿದರು. ೨೦೨೧ರಲ್ಲಿ ಅವರು ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಶಾಂತಸಾಗರದ ಎಲ್ ನಿನೋ, ೧೯೯೯ರಲ್ಲಿ ಭಾರತೀಯ ಮತ್ತು ಜಪಾನೀ ವಿಜ್ಞಾನಿಗಳು ವಿವರಿಸಿದ ಹಿಂದೂ ಮಹಾಸಾಗರದ ದ್ವಿಧ್ರುವ, ಇವೆರಡೂ ಇಂಥ ನಿಧಾನದ ಏರಿಳಿತಗಳೇ. ನಿಧಾನವಾದುದನ್ನು ಮುಂಚಿತವಾಗಿ ಕಾಣುವುದು ಸುಲಭ. ಆದರೆ ನೆನಪು ಮಾಸುವುದೂ ಉಂಟು. ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ಮಾಡಿದ ಎಲ್ ನಿನೋ ಮುನ್ಸೂಚನೆ ಎಲ್ಲಕ್ಕಿಂತ ದುರ್ಬಲ. ನಮ್ಮ ರೈತನಿಗೆ ಅದು ಬೇಕಾಗುವುದೂ ಆಗಲೇ ಎಂಬುದು ವಿಧಿಯ ವಿಡಂಬನೆ.

೨೦೧೯ನೆಯ ಇಸವಿಯನ್ನು ನೋಡಿರಿ. ಆ ಏಪ್ರಿಲಿನಲ್ಲಿ ಹವಾಮಾನ ಇಲಾಖೆಯು ದೇಶದ ಮುಂಗಾರು ಮಳೆ ಸರಾಸರಿಯ ನೂರಕ್ಕೆ ೯೬ ಪಾಲು ಎಂದಿತು; ಬಂದುದು ೧೧೦ ಪಾಲು. ಜೂನ್ ತಿಂಗಳಲ್ಲಿ ಮೂರರಲ್ಲೊಂದು ಪಾಲು ಕೊರತೆ; ಆಗಸ್ಟ್ ಎರಡನೆಯ ವಾರದಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದಲ್ಲಿ ನೆರೆಯೂ ಭೂಕುಸಿತವೂ ಒಟ್ಟಿಗೆ ಬಂದು, ಚಾರ್ಮಾಡಿ ಘಾಟಿಯ ಸಂಚಾರವೇ ನಿಂತುಹೋಯಿತು. ೧೯೨೩ರಲ್ಲಿಯೂ ೧೯೭೪ರಲ್ಲಿಯೂ ಬಂಟ್ವಾಳ ಪೇಟೆಯನ್ನು ಮುಳುಗಿಸಿದ ನೇತ್ರಾವತಿಯನ್ನು ಬಲ್ಲವರಿಗೆ ಇದು ಹೊಸತಲ್ಲ.

ಹಾಗಾದರೆ ಮುನ್ಸೂಚನೆ ವ್ಯರ್ಥವೇ? ಹಾಗೆನ್ನುವುದು ತಪ್ಪು, ಅದನ್ನು ವೇದವಾಕ್ಯವೆಂದು ನಂಬುವುದೂ ಅಷ್ಟೇ ತಪ್ಪು. ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬ ವಿವೇಕ ಬೇಕು. ಯಾವ ದಿನ ಯಾವ ಗುಡ್ಡದ ಮೇಲೆ ಮೋಡ ಒಡೆದೀತು ಎಂಬುದನ್ನು ಕಡಲ ಶಾಖವು ಹೇಳಲಾರದು. ಅದಕ್ಕೆ ರಾಡಾರೂ ಉಪಗ್ರಹವೂ ಬೇಕು, ಅವುಗಳ ದೃಷ್ಟಿಯೂ ಗಂಟೆಗಳ ಇಲ್ಲವೆ ಕೆಲವೇ ದಿನಗಳದು. ಋತುವಿನ ಒಟ್ಟು ಒಲವನ್ನು ಕಡಲು ಹೇಳಬಲ್ಲುದು, ಆದರೆ ಸಂಭವದ ಭಾಷೆಯಲ್ಲಿ ಮಾತ್ರ. ದಶಕಗಳ ಮಾತಿಗೆ ಬಂದರೆ ಅದರ ಸಾಕ್ಷ್ಯ ಅತ್ಯಂತ ಖಚಿತ. ಭೂಮಿಯಲ್ಲಿ ಹೆಚ್ಚುತ್ತಿರುವ ಶಾಖದ ನೂರರಲ್ಲಿ ಸುಮಾರು ೯೦ ಪಾಲು ಸಾಗರವನ್ನೇ ಸೇರುತ್ತಿದೆ, ಆ ಸಂಗ್ರಹ ಏರುತ್ತಲೇ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ೭ ಪಾಲು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಆದುದರಿಂದ ಬಿರುಮಳೆಗಳು ಇನ್ನಷ್ಟು ಬಿರುಸಾಗುವುವೆಂದು ನಿರೀಕ್ಷಿಸುವುದು ನ್ಯಾಯ.

ಇಲ್ಲಿಯೇ ನನ್ನ ಆಕ್ಷೇಪಣೆ. ಅತ್ಯಂತ ಅನಿಶ್ಚಿತವಾದ ಮುನ್ಸೂಚನೆಗಾಗಿ ನಾವು ಪ್ರತಿ ಬೇಸಗೆಯಲ್ಲಿಯೂ ಕಾತರದಿಂದ ಕಾಯುತ್ತೇವೆ. ಅತ್ಯಂತ ನಿಶ್ಚಿತವಾದುದನ್ನು ಕೇಳಿ ಮರೆತುಬಿಡುತ್ತೇವೆ. ಹೊಳೆಗೆ ಸೇತುವೆ ಕಟ್ಟುವಾಗ, ಗುಡ್ಡವನ್ನು ಕಡಿದು ಮನೆಯನ್ನೋ ರಸ್ತೆಯನ್ನೋ ಮಾಡುವಾಗ, ಗದ್ದೆಯ ತೋಡನ್ನು ಮುಚ್ಚುವಾಗ ನಾವು ಲೆಕ್ಕಕ್ಕೆ ಹಿಡಿಯುವುದು ಕಳೆದ ಕಾಲದ ಮಳೆಯನ್ನು. ಕಡಲು ಹೇಳುತ್ತಿರುವುದು ಬರಲಿರುವ ಕಾಲದ ಮಳೆಯ ಮಾತನ್ನು. ನಾಳೆ ಸೇತುವೆಯ ನಕ್ಷೆ ಬರೆಯುವವರೂ ಪಂಚಾಯತಿಯಲ್ಲಿ ಕುಳಿತು ಅನುಮತಿ ಕೊಡುವವರೂ ಇಂದಿನ ವಿದ್ಯಾರ್ಥಿಗಳೇ. ಅವರು ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನೇತ್ರಾವತಿಯ ಇಕ್ಕೆಲದ ಊರುಗಳು ಎಷ್ಟೋ ನಷ್ಟದಿಂದ ಪಾರಾದಾವು.