ಸೊಳ್ಳೆಯೂ ಪ್ರಜೆಯ ಸಮ್ಮತಿಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿಜ್ಞಾನದ ಮಾತೆತ್ತಿದರೆ ಸ್ನೇಹಿತರು ನಗುವುದುಂಟು. “ಅದು ತಜ್ಞರ ಕೆಲಸ, ನಿನಗೇಕಯ್ಯಾ ಆ ಗೊಡವೆ?” ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಫ್ಲಾರಿಡಾ ಸಂಸ್ಥಾನದ ದಕ್ಷಿಣ ತುದಿಯಲ್ಲಿ ‘ಕೀಸ್’ ಎಂಬ ದ್ವೀಪಮಾಲೆಯಿದೆ. 2009–10ರಲ್ಲಿ ಅಲ್ಲಿ ಡೆಂಗಿ ಜ್ವರ ಕಾಣಿಸಿಕೊಂಡಿತು. ಅದನ್ನು ಹರಡುವ ಈಡಿಸ್ ಸೊಳ್ಳೆಯನ್ನು ಅಡಗಿಸಲು, ವಂಶವಾಹಿಯನ್ನು ಮಾರ್ಪಡಿಸಿದ ಗಂಡು ಸೊಳ್ಳೆಗಳನ್ನು ಬಿಡುವ ಯೋಜನೆ ಹುಟ್ಟಿತು. ಗಂಡು ಸೊಳ್ಳೆ ಕಚ್ಚುವುದಿಲ್ಲ. ಅದಕ್ಕೆ ಹುಟ್ಟುವ ಹೆಣ್ಣು ಮರಿಗಳು ಬೆಳೆಯುವ ಮುನ್ನವೇ ಸಾಯುತ್ತವೆ. 2016ರ ನವೆಂಬರಿನಲ್ಲಿ ಜನರ ಮತ ಕೇಳಲಾಯಿತು. ಪ್ರಯೋಗಕ್ಕೆ ಗೊತ್ತುಮಾಡಿದ್ದ ಕೀ ಹೇವನ್ ಬಡಾವಣೆಯವರು ಬೇಡವೆಂದರು. ಇಡೀ ಜಿಲ್ಲೆಯ ಬಹುಮತವು ಬೇಕೆಂದಿತು. ಕೊನೆಗೆ 2021ರಲ್ಲಿ ಹೊಸ ತಳಿಯ ಸೊಳ್ಳೆಗಳನ್ನು ಬೇರೆ ದ್ವೀಪಗಳಲ್ಲಿ ಬಿಟ್ಟರು.

ನಮ್ಮಲ್ಲಿಯೂ ಇಂತಹ ಉದಾಹರಣೆಯುಂಟು; ಅದು ಪ್ರಾಣಿಯದಲ್ಲ, ಬದನೆಯದು. 2010ರಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಬಿಟಿ ಬದನೆಯನ್ನು ಕುರಿತು ಏಳು ನಗರಗಳಲ್ಲಿ ಜನಾಭಿಪ್ರಾಯ ಕೇಳಿದರು, ಬೆಂಗಳೂರೂ ಅವುಗಳಲ್ಲೊಂದು. ಸಭೆಗಳಲ್ಲಿ ಗದ್ದಲವೂ ಆಯಿತು. ಫೆಬ್ರವರಿ 9ರಂದು ಆ ಬೆಳೆಗೆ ತಡೆ ಬಿದ್ದಿತು.

ಗದ್ದಲದಿಂದ ಸತ್ಯನಿರ್ಣಯವಾದೀತೆ ಎಂದು ಕೇಳುವವರಿದ್ದಾರೆ. ಆಗದು, ನಿಜ. ಸೊಳ್ಳೆಯ ಮರಿ ಸಾಯುವುದೋ ಬದುಕುವುದೋ ಎಂಬುದನ್ನು ಕೈಯೆತ್ತಿಸಿ ತೀರ್ಮಾನಿಸಲು ಬಾರದು. ಅದು ಪ್ರಯೋಗಶಾಲೆಯ ಮಾತು. ಆದರೆ ಎಷ್ಟು ಅಪಾಯವನ್ನು ಸಹಿಸಬೇಕು, ಲಾಭ ಯಾರಿಗೆ, ಕೆಟ್ಟರೆ ಹೊಣೆ ಯಾರದು—ಇವು ಪ್ರಜೆಯ ಪ್ರಶ್ನೆಗಳು. ಬಿಟ್ಟ ಸೊಳ್ಳೆಯನ್ನು ಮರಳಿ ಹಿಡಿದು ಬುಟ್ಟಿಗೆ ಹಾಕುವುದು ಯಾರಿಂದಲೂ ಸಾಧ್ಯವಿಲ್ಲ. ಕೀ ಹೇವನ್ನಿನವರ ಮಾತು ದೊಡ್ಡದೋ ಜಿಲ್ಲೆಯ ಬಹುಮತ ದೊಡ್ಡದೋ ಎಂಬುದಕ್ಕೂ ಸೂಕ್ಷ್ಮದರ್ಶಕದಲ್ಲಿ ಉತ್ತರ ಕಾಣದು.

ಕಳೆದ ಮಳೆಗಾಲದಲ್ಲಿ ನನ್ನ ತಂಗಿ ಡೆಂಗಿಯಿಂದ ನರಳಿದಳು. ಅವಳ ಹಾಸಿಗೆಯ ಬಳಿ ಕುಳಿತಿದ್ದಾಗ, ಯಾವ ಸೊಳ್ಳೆಯನ್ನಾದರೂ ಬಿಡಲಿ, ಈ ಜ್ವರ ತೊಲಗಿದರೆ ಸಾಕೆನಿಸಿತು. ಆದ್ದರಿಂದ ನಾನು ಈ ವಿದ್ಯೆಯ ವೈರಿಯಲ್ಲ. ಆದರೂ ನಮ್ಮ ಓಣಿಯಲ್ಲಿ ಅದನ್ನು ಬಿಡುವ ಮುನ್ನ ನಮ್ಮ ತಾಯಿಯನ್ನು ಒಂದು ಮಾತು ಕೇಳಬೇಕು. ಅವಳಿಗೆ ತಿಳಿಯುವ ಕನ್ನಡದಲ್ಲಿ, ತೀರ್ಮಾನ ಬದಲಾಗಬಹುದಾದ ಕಾಲದಲ್ಲಿಯೇ ಕೇಳಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿ ಫಲವೇನು?

ತಜ್ಞರ ಮಾತನ್ನು ಜನರಿಗೂ ಜನರ ಶಂಕೆಯನ್ನು ತಜ್ಞರಿಗೂ ಮುಟ್ಟಿಸುವವರು ಬೇಕು. ಕಲಾ ವಿದ್ಯಾರ್ಥಿಗಳಾದ ನಮಗೆ ಅದಕ್ಕಿಂತ ಒಳ್ಳೆಯ ಗೊಡವೆ ಮತ್ತಾವುದಿದೆ?